ಮಾತ್ರೆಯ ಸ್ಟ್ರಿಪ್ಪಿನ ಮೇಲಿನ ಬ್ಯಾಚ್ ನಂಬರು

ತಲೆ ನೋವೆಂದು ಔಷಧದ ಅಂಗಡಿಗೆ ಹೋಗಿ ನಾವು ಎರಡೇ ಮಾತ್ರೆ ಕೇಳುತ್ತೇವೆ. ಅಂಗಡಿಯವನು ಸ್ಟ್ರಿಪ್ಪನ್ನು ಕತ್ತರಿಸಿ ಕೊಡುತ್ತಾನೆ. ನಮ್ಮ ಕೈಗೆ ಬಂದ ತುಂಡಿನಲ್ಲಿ ಹೆಸರಿನ ಅರ್ಧ ಮಾತ್ರ ಇರುವುದುಂಟು; ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಅಂಗಡಿಯಲ್ಲೇ ಉಳಿದಿರುತ್ತವೆ. ಇದರಿಂದ ನಷ್ಟವೇನು?

ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ಒಟ್ಟಾಗಿ ತಯಾರಾದ ಮಾಲಿಗೆ ಬ್ಯಾಚ್ ಎನ್ನುತ್ತಾರೆ. ಒಂದು ಸಲ ಅರೆದ ದೋಸೆಹಿಟ್ಟಿಗೆ ಉಪ್ಪು ಹೆಚ್ಚಾದರೆ ಆ ಹಿಟ್ಟಿನ ದೋಸೆಗಳೆಲ್ಲ ಉಪ್ಪಾಗುತ್ತವೆ. ಮೊನ್ನೆಯ ಹಿಟ್ಟಿನವು ಆಗುವುದಿಲ್ಲ. ಔಷಧಕ್ಕೂ ಇದೇ ನ್ಯಾಯ. ಕಾರ್ಖಾನೆಯ ದಫ್ತರು, ಸಗಟು ವ್ಯಾಪಾರಿಯ ಬಿಲ್ಲು, ಅಂಗಡಿಯ ಬಿಲ್ಲು ಇವುಗಳಲ್ಲೆಲ್ಲ ಅದೇ ನಂಬರು ಬರೆದಿದ್ದರೆ, ದೋಷ ಎಲ್ಲಿ ಹುಟ್ಟಿತೆಂದು ಹಿಂದಕ್ಕೆ ಹುಡುಕಬಹುದು; ಉಳಿದ ಮಾಲು ಯಾರ ಯಾರ ಕೈ ಸೇರಿತೆಂದು ಮುಂದಕ್ಕೂ ಹುಡುಕಿ ಹಿಂದೆ ತರಿಸಬಹುದು.

ಇದು ಬರಿಯ ಲೆಕ್ಕಪತ್ರದ ಮಾತಲ್ಲ. 1986ರಲ್ಲಿ ಇದೇ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಔಷಧವೆಂದು ಕೊಟ್ಟ ಗ್ಲಿಸರಿನ್ನಿನಿಂದ 14 ರೋಗಿಗಳು ತೀರಿಕೊಂಡರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ, ಮೂತ್ರಪಿಂಡವನ್ನು ಕೆಡಿಸುವ ವಿಷದ್ರವ ಬೆರೆತಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗವು ಆ ಪ್ರಕರಣದ ವಿಚಾರಣೆ ನಡೆಸಿತು. ಹೋದ ಜೀವ ಮರಳಲಿಲ್ಲ.

ಈಗ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು ಪರೀಕ್ಷೆಯಲ್ಲಿ ಸೋತ ಔಷಧಗಳ ಪಟ್ಟಿಯನ್ನು ಪ್ರತಿ ತಿಂಗಳೂ ಬ್ಯಾಚ್ ನಂಬರಿನೊಡನೆ ಪ್ರಕಟಿಸುತ್ತದೆ. 2023ರ ಆಗಸ್ಟ್ 1ರ ತರುವಾಯ ತಯಾರಾಗುವ 300 ಹೆಸರಾಂತ ಬ್ರಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಬೇಕೆಂಬ ನಿಯಮವೂ ಬಂದಿದೆ. ಫೋನಿನಿಂದ ಅದನ್ನು ಓದಿಸಿದರೆ ತಯಾರಕರ ಹೆಸರು, ಬ್ಯಾಚ್ ನಂಬರು, ಅವಧಿ ತಿಳಿಯುತ್ತವೆ. ಆದರೆ ನಂಬರೇ ನಮ್ಮಲ್ಲಿ ಇಲ್ಲದಿದ್ದರೆ ಪಟ್ಟಿಯಿಂದ ಏನು ಪ್ರಯೋಜನ?

ಆದುದರಿಂದ ನಾವು ಇಷ್ಟನ್ನು ರೂಢಿ ಮಾಡಿಕೊಳ್ಳೋಣ:

1. ಸಾಧ್ಯವಾದರೆ ಇಡೀ ಸ್ಟ್ರಿಪ್ಪನ್ನೇ ಕೊಳ್ಳುವುದು. ಇಲ್ಲವಾದರೆ ಬಿಲ್ಲಿನಲ್ಲಿ ಬ್ಯಾಚ್ ನಂಬರು ಬರೆಸುವುದು.

2. ಮಾತ್ರೆಗಳನ್ನು ನಂಬರಿಲ್ಲದ ತುದಿಯಿಂದ ತೆಗೆಯುತ್ತ ಬರುವುದು. ಔಷಧ ಮುಗಿಯುವ ತನಕ ಬಿಲ್ಲನ್ನು ಇಟ್ಟುಕೊಳ್ಳುವುದು.

3. ಊರಿನಲ್ಲಿರುವ ತಾಯಿತಂದೆಗಳಿಗೆ ರಕ್ತದೊತ್ತಡದ ಮಾತ್ರೆ ಕಳಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬಿಡಿಸಿ ಪೊಟ್ಟಣ ಕಟ್ಟದೆ ಸ್ಟ್ರಿಪ್ಪಿನಲ್ಲೇ ಕಳಿಸುವುದು.

4. ಸಂಶಯ ಬಂದ ಔಷಧವನ್ನು ನುಂಗಲೂ ಬಾರದು, ಎಸೆಯಲೂ ಬಾರದು. ಮೊದಲು ವೈದ್ಯರನ್ನು ಕೇಳಿ, ಸ್ಟ್ರಿಪ್ಪು ಮತ್ತು ಬಿಲ್ಲಿನೊಡನೆ ರಾಜ್ಯದ ಔಷಧ ನಿಯಂತ್ರಣ ಕಚೇರಿಗೆ ದೂರು ಕೊಡುವುದು.

ಇಂಗ್ಲಿಷ್ ಅಕ್ಷರ ಬಾರದವರು ಸಂಕೋಚಪಡಬೇಕಾಗಿಲ್ಲ. ಸಂಜೆ ವಾಚನಾಲಯಕ್ಕೆ ಬರುವಾಗ ಸ್ಟ್ರಿಪ್ಪನ್ನು ಜೇಬಿನಲ್ಲಿಟ್ಟು ತಂದರೆ, ನಾವು ಕೂಡಿ ಓದಿ ಹೇಳುತ್ತೇವೆ.