ಎದೆಯಲ್ಲಿ ಸ್ಟೆಂಟ್, ಜೇಬಿನಲ್ಲಿ ಬೀಡಿ

ನಿಮ್ಮ ಮನೆಯ ಯಜಮಾನರಿಗೆ ಹೃದಯಾಘಾತವಾಯಿತು ಎಂದಿಟ್ಟುಕೊಳ್ಳಿ. ಆಲಮಟ್ಟಿಯಿಂದ ವಿಜಯಪುರಕ್ಕೋ, ಕಲಬುರಗಿಯ ಜಯದೇವ ಆಸ್ಪತ್ರೆಗೋ ಓಡಿದಿರಿ. ಸ್ಟೆಂಟ್ ಹಾಕಿಸಿ ಮನೆಗೆ ಕರೆತಂದಿರಿ. ತಿಂಗಳೊಳಗೆ ಅವರ ಅಂಗಿಯ ಜೇಬಿನಲ್ಲಿ ಮತ್ತೆ ಬೀಡಿಕಟ್ಟು! ಬಹಳಷ್ಟು ಮನೆಗಳಲ್ಲಿ ಆಗ ನಡೆಯುವುದು ಜಗಳವೇ. ಮರುದಿನದಿಂದ ಅವರು ಹಿತ್ತಲಲ್ಲಿ ಕದ್ದು ಸೇದುತ್ತಾರೆ, ಅಷ್ಟೆ.

ಸ್ಟೆಂಟ್ ಕಟ್ಟಿದ ರಕ್ತನಾಳವನ್ನು ತೆರೆಯುತ್ತದೆ, ರೋಗವನ್ನು ಅಳಿಸುವುದಿಲ್ಲ. ಹೊಗೆಯ ನಿಕೋಟಿನ್ ಹೃದಯವನ್ನು ಓಡಿಸುತ್ತದೆ, ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹೃದ್ರೋಗಿ ಧೂಮಪಾನ ಬಿಟ್ಟರೆ ಸಾವಿನ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. "ದಿನಕ್ಕ ಎರಡ ಸೇದತೀನಿ, ಏನಾಗ್ತದ?" ಎನ್ನುವವರಿದ್ದಾರೆ. ಆ ಹೃದಯಕ್ಕೆ ಎರಡೂ ಹೆಚ್ಚೇ. ಬೀಡಿ ಬಿಟ್ಟು ತಂಬಾಕು-ಸುಣ್ಣಕ್ಕೆ ಕೈಹಾಕುವುದೂ ಬಿಟ್ಟಂತಲ್ಲ.

ತಂಬಾಕಿನ ಅತಿಬಳಕೆ ಸಂಯಮಕ್ಕೆ ವಿರುದ್ಧವೆಂದು ಧರ್ಮಸಭೆಯ ಸತ್ಯೋಪದೇಶ (2290) ಹೇಳುತ್ತದೆ. ಅಂದಿನ ಜಗದ್ಗುರು ಫ್ರಾನ್ಸಿಸರು ಆದಾಯ ಹೋದರೂ ಚಿಂತೆಯಿಲ್ಲವೆಂದು 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟ ನಿಲ್ಲಿಸಿದರು. ದೇಹವು ಪವಿತ್ರಾತ್ಮರ ಆಲಯವೆಂಬ ಸಂತ ಪೌಲರ ಬೋಧನೆಯೂ ನಮಗೆ ಗೊತ್ತು. ಆದರೆ ದಯವಿಟ್ಟು ಇವನ್ನೆಲ್ಲ ರೋಗಿಯ ಮೇಲೆ ಬೀಸುವ ಬಡಿಗೆ ಮಾಡಬೇಡಿ. ಚಟಕ್ಕೆ ಬಿದ್ದ ಮನುಷ್ಯ ಮೊದಲೇ ನಾಚಿರುತ್ತಾನೆ.

ಬಿಡುವ ದಿನವನ್ನು ಅವರೇ ಆರಿಸಲಿ. ತಪಸ್ಸುಕಾಲಕ್ಕೆ ಕಾಯುವುದು ಬೇಡ, ಹೃದಯ ಕಾಯುವುದಿಲ್ಲ. ಆ ದಿನ ಮನೆಯಲ್ಲಿ ಬೀಡಿ, ಲೈಟರು ಉಳಿಯದಿರಲಿ. ಸೇದಬೇಕೆಂಬ ತುಡಿತ ಕೆಲವೇ ನಿಮಿಷ ಇರುತ್ತದೆ. ಒಂದು ಲೋಟ ನೀರು, ಅಂಗಳದಲ್ಲಿ ನಾಲ್ಕು ಹೆಜ್ಜೆ, ಜಪಸರದ ಹತ್ತು ಮಣಿ, ಅಷ್ಟರಲ್ಲಿ ಅದು ತಗ್ಗುತ್ತದೆ. ಮೊದಲ ವಾರಗಳಲ್ಲಿ ಸಿಡುಕುತ್ತಾರೆ, ನಿದ್ದೆ ಕೆಡುತ್ತದೆ. ಅದು ನಿಮ್ಮ ಮೇಲಿನ ಕೋಪವಲ್ಲ, ನಿಕೋಟಿನ್ ಇಲ್ಲದ ಸಂಕಟ. ಸಹಿಸಿಕೊಳ್ಳಿ, ತಾಯಂದಿರೇ. ನಿಕೋಟಿನ್ ಚೂಯಿಂಗ್ ಗಮ್ ಹೃದ್ರೋಗಿಗೆ ಆಗುತ್ತದೋ ಎಂದು ವೈದ್ಯರನ್ನು ಕೇಳಿ. ಬೀಡಿಗಿಂತ ಅದೇ ಮೇಲು. ತಂಬಾಕು ಪೊಟ್ಟಣಗಳ ಮೇಲೇ ಅಚ್ಚಾಗಿರುವ 1800-11-2356 ಉಚಿತ ಸಂಖ್ಯೆಗೆ ಕರೆಮಾಡಿದರೆ ಆಪ್ತಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.

ನಡುವೆ ಒಮ್ಮೆ ಸೇದಿಬಿಟ್ಟರೆ? ಪಾಪನಿವೇದನೆಯಿಂದ ಎದ್ದವರು ಮತ್ತೆ ಜಾರಿದರೆ ಗುರುಗಳು ಬಾಗಿಲು ಮುಚ್ಚುತ್ತಾರೆಯೇ? ಬಿಟ್ಟವರಲ್ಲಿ ಹಲವರು ಎರಡು ಮೂರು ಸಲ ಸೋತು ಗೆದ್ದವರೇ. ಮಾರನೆಯ ಬೆಳಗ್ಗೆ ಮತ್ತೆ ಶುರುಮಾಡಿಸಿ.

ಮನೆಯ ಮಗನೂ ಸೇದುತ್ತಿದ್ದರೆ ಅಪ್ಪನೊಂದಿಗೆ ಅದೇ ದಿನ ಬಿಡಲಿ. ಅವನ ಹೊಗೆಯೂ ಅಪ್ಪನ ಹೃದಯಕ್ಕೇ ಹೋಗುತ್ತದೆ.