ಸುಲಿಗೆಕೋರರಿಗೆ ‘ಕೊಡುವುದಿಲ್ಲ’ ಎನ್ನಬೇಕಾದರೆ

2019ರ ಮಾರ್ಚ್ 19ರಂದು ನಾರ್ವೆಯ ಅಲ್ಯೂಮಿನಿಯಂ ಕಂಪನಿ ನೋರ್ಸ್ಕ್ ಹೈಡ್ರೋದ ಕಂಪ್ಯೂಟರುಗಳಲ್ಲಿ ಬೆಳಗಾಗುವಷ್ಟರಲ್ಲಿ ಫೈಲುಗಳಿಗೆ ಬೀಗ ಬಿದ್ದಿತ್ತು. 40 ದೇಶಗಳಲ್ಲಿ 35,000 ನೌಕರರಿದ್ದ ಸಂಸ್ಥೆ ಅದು. ನಷ್ಟ ಸುಮಾರು 7 ಕೋಟಿ ಡಾಲರ್ ಮುಟ್ಟಿತು. ಆದರೂ ಬೀಗ ಹಾಕಿದವರಿಗೆ ಕಂಪನಿ ಚಿಕ್ಕಾಸೂ ಕೊಡಲಿಲ್ಲ, ಏಕೆಂದರೆ ಕೆಡದೆ ಉಳಿದ ಬ್ಯಾಕಪ್ ಅದರ ಕೈಯಲ್ಲಿತ್ತು. ಫೈಲುಗಳಿಗೆ ಬೀಗ ಜಡಿದು ಹಣ ಸುಲಿಯುವ ರ‍್ಯಾನ್ಸಮ್‌ವೇರ್‌ನಲ್ಲಿ ಗೆಲ್ಲುವವರು ಯಾರು ಎಂಬುದು ದಾಳಿಗೆ ಎಷ್ಟೋ ತಿಂಗಳು ಮುಂಚೆಯೇ ತೀರ್ಮಾನವಾಗಿರುತ್ತದೆ. ನಿಮ್ಮದು ಹತ್ತು ಜನರ ಕಾರ್ಖಾನೆಯಾದರೂ ಇದೇ ಲೆಕ್ಕ.

1. ಬೀಗ ಬೀಳುವುದು ಕೊನೆಯ ಹಂತ ಎಂದು ತಿಳಿದಿರಿ. ಕಳ್ಳರು ಎಷ್ಟೋ ದಿನ ಮೊದಲೇ ಒಳಗೆ ಬಂದಿರುತ್ತಾರೆ. ಒಂದು ಇಮೇಲ್ ಲಗತ್ತು, ಸೋರಿಕೆಯಾದ ಒಂದು ಪಾಸ್‌ವರ್ಡ್ ಸಾಕು. ಮೆಲ್ಲಗೆ ಅಡ್ಮಿನ್ ಅಧಿಕಾರ ಪಡೆದು, ಗ್ರಾಹಕರ ಮಾಹಿತಿ ಕದ್ದು, ಬ್ಯಾಕಪ್ ಹುಡುಕಿ ಅಳಿಸಿ, ಆಮೇಲೆ ಬೀಗ ಜಡಿಯುತ್ತಾರೆ. ಅದಕ್ಕೆ ಆರಿಸಿಕೊಳ್ಳುವುದು ಹೆಚ್ಚಾಗಿ ರಾತ್ರಿ ಅಥವಾ ರಜೆಯ ದಿನ. ನೋರ್ಸ್ಕ್ ಹೈಡ್ರೋಗೆ ವೈರಸ್ ಬಂದದ್ದು ನಂಬಿಕಸ್ಥ ಗ್ರಾಹಕರೊಬ್ಬರ ಮೇಲ್‌ನಲ್ಲೇ.

2. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಿ. ಉಳಿದ ಎಲ್ಲ ಲಾಗಿನ್‌ಗೂ ಪಾಸ್‌ವರ್ಡ್ ಜೊತೆಗೆ ಎರಡನೆಯ ದೃಢೀಕರಣ ಕಡ್ಡಾಯ ಮಾಡಿ. 2021ರ ಮೇ ತಿಂಗಳಲ್ಲಿ ಇಂಥ ದಾಳಿಯಿಂದ ಅಮೆರಿಕದ ಕಂಪನಿ ಕೊಲೋನಿಯಲ್ ಪೈಪ್‌ಲೈನ್‌ನ ಇಂಧನ ಪೂರೈಕೆಯೇ ನಿಂತುಹೋಯಿತು. ಕಳ್ಳರು ನುಗ್ಗಿದ್ದು ದೂರದಿಂದ ಕಂಪನಿಯ ಜಾಲಕ್ಕೆ ಸೇರಲು ಇದ್ದ, ಯಾರೂ ಬಳಸದ ಹಳೆಯ ವಿಪಿಎನ್ ಖಾತೆಯಿಂದ.

3. ಅಪ್‌ಡೇಟ್ ಮುಂದೂಡಬೇಡಿ. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ಇಂಥದೇ ವೈರಸ್‌ಗೆ ಮದ್ದನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು.

4. ಬ್ಯಾಕಪ್‌ನ ಒಂದು ಪ್ರತಿಯನ್ನು ಕೇಬಲ್ ಕಳಚಿ, ಆಫೀಸಿನಿಂದ ಹೊರಗೆ ಇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಜನ ಹೆಚ್ಚು ಎಡವುವುದೂ ಇಲ್ಲೇ. ಸದಾ ಸಿಕ್ಕಿಸಿಟ್ಟ ಹಾರ್ಡ್ ಡಿಸ್ಕ್‌ಗೂ ಬೀಗ ಬೀಳುತ್ತದೆ. ತಾನಾಗಿಯೇ ಸಿಂಕ್ ಆಗುವ ಕ್ಲೌಡ್ ಫೋಲ್ಡರ್ ಇದ್ದರೆ ಸಾಲದು, ಕೆಟ್ಟ ಫೈಲೂ ಅಷ್ಟೇ ನಿಷ್ಠೆಯಿಂದ ಅಲ್ಲಿಗೆ ಹೋಗುತ್ತದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಹೊರಗೆ. ಎರಡು ಡಿಸ್ಕ್ ಕೊಂಡು ವಾರಕ್ಕೊಂದರಂತೆ ಬದಲಿಸಿದರೂ ದೊಡ್ಡ ಖರ್ಚೇನಲ್ಲ. ಮೂರು ತಿಂಗಳಿಗೊಮ್ಮೆ ಟ್ಯಾಲಿ ಡೇಟಾ, ಸಂಬಳದ ಪಟ್ಟಿ, ಜಿಎಸ್‌ಟಿ ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ವಾಪಸ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ. 2017ರ ನಾಟ್‌ಪೆಟ್ಯಾ ದಾಳಿಯಲ್ಲಿ ಹಡಗು ಕಂಪನಿ ಮೇರ್ಸ್ಕ್‌ನ ಲಾಗಿನ್‌ಗಳನ್ನು ನಿಯಂತ್ರಿಸುವ ಸರ್ವರುಗಳೆಲ್ಲ ಅಳಿಸಿಹೋದವು. ಘಾನಾದ ಒಂದೇ ಒಂದು ಸರ್ವರ್ ಉಳಿಯಿತು, ಅದೂ ಅಲ್ಲಿ ಕರೆಂಟ್ ಹೋಗಿ ಜಾಲದಿಂದ ಕಳಚಿಕೊಂಡಿದ್ದರಿಂದ! ಅಂಥ ಅದೃಷ್ಟವನ್ನು ನೆಚ್ಚಿಕೊಂಡು ವ್ಯಾಪಾರ ನಡೆಸಲಾಗದು.

5. ಕಾಗದದಲ್ಲಿ ಒಂದು ದಿನ ಕೆಲಸ ನಡೆಸಿ ನೋಡಿ. ಬಿಲ್ ಪುಸ್ತಕ, ಗ್ರಾಹಕರ ಫೋನ್ ನಂಬರುಗಳ ಮುದ್ರಿತ ಪಟ್ಟಿ ಕಪಾಟಿನಲ್ಲಿರಲಿ. ನೋರ್ಸ್ಕ್ ಹೈಡ್ರೋದಲ್ಲಿ ಹಳೆಯ ಪದ್ಧತಿ ಬಲ್ಲ ನಿವೃತ್ತರು ಮರಳಿ ಬಂದು ನೆರವಾದರು.

6. ಬೀಗ ಬಿದ್ದ ಗಳಿಗೆಯಲ್ಲಿ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ಕಂಪ್ಯೂಟರನ್ನು ಆಫ್ ಮಾಡಬೇಡಿ, ತನಿಖೆಗೆ ಬೇಕಾದ ಕುರುಹು ಮೆಮೊರಿಯಲ್ಲಿರಬಹುದು. ಪರದೆಯ ಮೇಲಿನ ಬೆದರಿಕೆಯ ಫೋಟೊ ತೆಗೆಯಿರಿ. ಕಂಪನಿಯ ಮೇಲ್‌ನಲ್ಲಿ ಈ ವಿಷಯ ಚರ್ಚಿಸಬೇಡಿ, ಕಳ್ಳರೂ ಓದುತ್ತಿರಬಹುದು, ಫೋನ್ ಮಾಡಿ. ಹೀಗೆ ಜಾಲದಿಂದ ಬೇರ್ಪಡಿಸುವುದರ ಬೆಲೆ 2024ರ ಜುಲೈ ಕೊನೆಯಲ್ಲಿ ನಮ್ಮ ದೇಶದಲ್ಲೇ ಕಂಡಿತು. ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ದಾಳಿಗೆ ಸಿಕ್ಕಾಗ ಯುಪಿಐ ನಡೆಸುವ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಕಳಚಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಪರದಾಡಿದರು, ನಿಜ. ಉಳಿದ ಜಾಲ ಉಳಿಯಿತು.

7. ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 2022ರಿಂದ ಇದು ನಿಯಮ. ಕರ್ನಾಟಕದಲ್ಲಿದ್ದರೆ ಸೈಬರ್ ಅಪರಾಧಗಳ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ ನಡೆಸುವ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಕೀಲಿ ಉಚಿತವಾಗಿ ಸಿಗುತ್ತದೆ, ಅಲ್ಲೂ ಹುಡುಕಿ.

8. ಹಣ ಕೊಡಬೇಡಿ. ಕೊಲೋನಿಯಲ್ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಸಿಕ್ಕ ಕೀಲಿ ಎಷ್ಟು ನಿಧಾನವೆಂದರೆ ತನ್ನ ಬ್ಯಾಕಪ್ಪನ್ನೇ ನೆಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ಆರೋಗ್ಯ ಸೇವಾ ಕಂಪನಿ ಚೇಂಜ್ ಹೆಲ್ತ್‌ಕೇರ್ 2 ಕೋಟಿ 20 ಲಕ್ಷ ಡಾಲರ್ ತೆತ್ತ ಮೇಲೆ ಇನ್ನೊಂದು ಗುಂಪು ಅದೇ ಮಾಹಿತಿ ತನ್ನಲ್ಲಿದೆಯೆಂದು ಮತ್ತೆ ಬೆದರಿಸಿತು.

9. ತಪ್ಪಾಗಿ ಕ್ಲಿಕ್ ಮಾಡಿದ ಗುಮಾಸ್ತರ ಮೇಲೆ ಕೂಗಾಡಬೇಡಿ. ಹೆದರಿದವರು ಮುಚ್ಚಿಡುತ್ತಾರೆ, ಆ ಹೊತ್ತಿನಲ್ಲಿ ವೈರಸ್ ಪಕ್ಕದ ಯಂತ್ರಕ್ಕೆ ದಾಟುತ್ತದೆ. ತಕ್ಷಣ ಹೇಳಿದವರಿಗೆ ಎಲ್ಲರೆದುರು ಶಹಬ್ಬಾಸ್ ಎನ್ನಿ.

10. ಕಳ್ಳರು ನುಗ್ಗಿದ ದಾರಿ ಸಿಗುವವರೆಗೆ ಬ್ಯಾಕಪ್‌ನಿಂದ ಡೇಟಾ ವಾಪಸ್ ತುಂಬಬೇಡಿ. ಯಂತ್ರಗಳನ್ನು ಅಳಿಸಿ ಹೊಸದಾಗಿ ಸಜ್ಜುಗೊಳಿಸಿ, ಎಲ್ಲ ಪಾಸ್‌ವರ್ಡ್ ಬದಲಿಸಿ, ಆಮೇಲೆ ಡೇಟಾ ತುಂಬಿ. ಮೊದಲು ಬಿಲ್ಲಿಂಗ್ ಮತ್ತು ಸಂಬಳ, ಉಳಿದದ್ದು ಮುಂದಿನ ವಾರ.