ಗೋದಲಿಯಿಂದ ನಕ್ಷತ್ರದವರೆಗೆ: 1ರಿಂದ 3ನೆಯ ತರಗತಿಗಳಿಗೆ ಕ್ರಿಸ್‌ಮಸ್ ಹೊರಸಂಚಾರದ ಯೋಜನೆ

ಪೀಠಿಕೆ

ಡಿಸೆಂಬರ್ ತಿಂಗಳಲ್ಲಿ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳ ಯೋಜನೆಗಳಲ್ಲಿ ಕ್ರಿಸ್‌ಮಸ್ ಸಾಮಾನ್ಯವಾಗಿ ಎರಡು ಗತಿ ಕಾಣುತ್ತದೆ. ಒಬ್ಬ ಹುಡುಗನಿಗೆ ಹತ್ತಿಯ ಗಡ್ಡ ಕಟ್ಟಿ, ಕೆಂಪು ಟೋಪಿ ತೊಡಿಸಿ, ಚಾಕೊಲೇಟ್ ಹಂಚಿಸಿ ಮುಗಿಸುವುದು ಒಂದು. ‘ಧರ್ಮದ ವಿಷಯ, ನಮಗೇಕೆ ಬೇಕು’ ಎಂದು ಕೈಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಸಡಗರವಿದೆ, ಕಲಿಕೆ ಕಡಿಮೆ. ಎರಡನೆಯದರಿಂದ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ತರಗತಿಯಲ್ಲಿರುವ ಒಬ್ಬಿಬ್ಬರು ಕ್ರೈಸ್ತ ಮಕ್ಕಳು ತಮ್ಮ ಮನೆಯ ಹಬ್ಬ ಶಾಲೆಗೆ ಸೇರಿದ್ದಲ್ಲ ಎಂದು ಯಾರೂ ಹೇಳದೆಯೇ ತಿಳಿದುಕೊಳ್ಳುತ್ತಾರೆ. ಉಳಿದ ಮಕ್ಕಳು ಎರಡು ಬೀದಿ ಆಚೆಯ ಹಬ್ಬವನ್ನು ಟಿವಿಯಲ್ಲಿ ನೋಡಿ ತಿಳಿಯುತ್ತಾರೆ.

ಚಿಕ್ಕ ಮಕ್ಕಳಿಗೆ ಹಬ್ಬವನ್ನು ಪಾಠವಾಗಿಸುವುದೆಂದರೆ ಶಾಲೆಯಲ್ಲಿ ಹಬ್ಬ ಆಚರಿಸುವುದಲ್ಲ. ಹಬ್ಬ ಮಾಡುವ ನೆರೆಯವರನ್ನು ಹೋಗಿ ಕಂಡು, ಅವರನ್ನು ಕೇಳಿ, ಮರಳಿ ಬಂದು ಕಂಡದ್ದರ ಮೇಲೆ ಕೆಲಸ ಮಾಡುವುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನಲಿ-ಕಲಿ ತರಗತಿಗಳನ್ನು ಎದುರಿಗಿಟ್ಟುಕೊಂಡು ಅಂಥ ಒಂದು ಯೋಜನೆಯನ್ನು ಇಲ್ಲಿ ಕೊಡಲಾಗಿದೆ.

ಶಿಕ್ಷಕರು ತಿಳಿದಿರಬೇಕಾದ ಎಲ್ಲೆ

ಸಂವಿಧಾನದ 28ನೆಯ ವಿಧಿಯ ಪ್ರಕಾರ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮೂಲಭೂತ ಕರ್ತವ್ಯಗಳನ್ನು ಹೇಳುವ 51ಎ ವಿಧಿಯು ಧರ್ಮ, ಭಾಷೆ, ಪ್ರದೇಶಗಳ ಭೇದವನ್ನು ಮೀರಿ ಸಾಮರಸ್ಯವನ್ನೂ ಸೋದರಭಾವವನ್ನೂ ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎನ್ನುತ್ತದೆ. ನಮ್ಮ ಹೊರಸಂಚಾರ ಈ ಎರಡೂ ಮಾತುಗಳಿಗೆ ಬದ್ಧವಾಗಿರಬೇಕು. ಹಾಗಾಗಿ ಪ್ರಾರ್ಥನೆ ನಡೆಯದ ಹೊತ್ತಿನಲ್ಲಿ ಭೇಟಿ ಇಟ್ಟುಕೊಳ್ಳಬೇಕು. ಮಕ್ಕಳಿಂದ ಪ್ರಾರ್ಥನೆ ಹೇಳಿಸಬಾರದು. ಮೇಣದಬತ್ತಿ ಹಚ್ಚಿಸುವುದು, ಕೈಮುಗಿಸುವುದು ಬೇಡ. ‘ಇದು ನಿಜ’, ‘ಇದು ಸುಳ್ಳು’ ಎಂಬ ಮಾತು ಶಿಕ್ಷಕರ ಬಾಯಿಂದ ಬರಬಾರದು. ‘ಕ್ರೈಸ್ತರು ಹೀಗೆ ನಂಬುತ್ತಾರೆ, ಹೀಗೆ ಹಬ್ಬ ಮಾಡುತ್ತಾರೆ’ ಎಂಬಷ್ಟು ಸಾಕು.

ಈ ಎಲ್ಲೆಯನ್ನು ಪೋಷಕರಿಗೂ ಮೊದಲೇ ತಿಳಿಸಬೇಕು. ಚೀಟಿಯಲ್ಲಿ ‘ಚರ್ಚ್ ಭೇಟಿ’ ಎಂದಷ್ಟೇ ಬರೆದರೆ ಅನುಮಾನ ಹುಟ್ಟುತ್ತದೆ. ಎಲ್ಲಿಗೆ, ಎಷ್ಟು ಹೊತ್ತು, ಏನು ನೋಡುತ್ತಾರೆ, ಏನು ಮಾಡುವುದಿಲ್ಲ, ಏನು ತಿನ್ನಲು ಕೊಡಬಹುದು ಎಂಬ ಐದನ್ನೂ ಬರೆಯಿರಿ. ಕೇಕಿನಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದ ಮನೆಯ ಮಕ್ಕಳಿದ್ದಾರೆ. ಅದನ್ನು ಮೊದಲೇ ಹೇಳಿದರೆ ಆ ದಿನ ಯಾವ ಮಗುವೂ ಕೈಚಾಚಿ ಹಿಂತೆಗೆಯಬೇಕಾಗುವುದಿಲ್ಲ. ಕಳಿಸಲು ಒಪ್ಪದ ಪೋಷಕರನ್ನು ಒತ್ತಾಯಿಸಬೇಡಿ. ಶಾಲೆಯಲ್ಲೇ ಉಳಿದ ಮಗುವಿಗೆ ನಕ್ಷತ್ರ ಕಟ್ಟುವ ಕೆಲಸ ಕೊಟ್ಟು, ಉಳಿದವರು ಮರಳಿದಾಗ ಅದನ್ನು ಕಲಿಸಿಕೊಡುವ ‘ಗುರು’ವನ್ನಾಗಿ ಮಾಡಿ.

ಎಲ್ಲಿಗೆ ಹೋಗುವುದು?

ಆರೇಳು ವರ್ಷದ ಮಕ್ಕಳಿಗೆ ನಡೆದು ಹೋಗುವಷ್ಟು ದೂರವೇ ಸರಿ. ನಮ್ಮ ಜಿಲ್ಲೆಯಲ್ಲಿ ಕ್ರಿಸ್‌ಮಸ್ ಎಂದೊಡನೆ ಕೆಜಿಎಫ್ ನೆನಪಾಗುತ್ತದೆ. 19ನೆಯ ಶತಮಾನದ ಕೊನೆಯಿಂದ ಚಿನ್ನದ ಗಣಿಯ ಕೆಲಸಕ್ಕೆ ಬಂದು ನೆಲೆಸಿದವರ ಹಲವು ಚರ್ಚುಗಳು ಅಲ್ಲಿವೆ. 2001ರ ಫೆಬ್ರವರಿ 28ರಂದು ಗಣಿ ನಿಂತ ಮೇಲೂ ಅಲ್ಲಿನ ಹಬ್ಬ ನಿಂತಿಲ್ಲ. ಆದರೆ ಅದು ಹಿರಿಯ ಪ್ರಾಥಮಿಕ ಮಕ್ಕಳ ಇತಿಹಾಸ ಪ್ರವಾಸಕ್ಕೆ ಒಳ್ಳೆಯದು. ಚಿಕ್ಕವರಿಗೆ ಬಸ್ಸಿನ ಸಮಯವೇ ಹೆಚ್ಚಾಗಿ, ನೋಡುವ ಹೊತ್ತಿಗೆ ದಣಿವು ಬಂದಿರುತ್ತದೆ.

ಕೋಲಾರ ಪಟ್ಟಣದ ಶಾಲೆಗಳಿಗೆ ಮೆಥಡಿಸ್ಟ್ ಸಭೆಯ ನೆರೆ ಇದೆ. ಇಟಿಸಿಎಂ ಆಸ್ಪತ್ರೆ ಎಂದು ಊರಿಗೆಲ್ಲ ಗೊತ್ತಿರುವ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯೂ ಆ ಸಭೆಯದೇ. ‘ನಿಮ್ಮ ಮನೆಯವರು ಯಾರಾದರೂ ಅಲ್ಲಿಗೆ ಹೋಗಿದ್ದರಾ?’ ಎಂಬ ಪ್ರಶ್ನೆಯಿಂದ ಮಾತು ಶುರುವಾದರೆ ಅಪರಿಚಿತವೆನಿಸಿದ ಜಾಗ ಪರಿಚಿತವಾಗುತ್ತದೆ.

ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಅಲ್ಲಿನ ಮಕ್ಕಳಿಗೆ ಜೇಡಿಮಣ್ಣು ಹೊಸದಲ್ಲ. ಗೋದಲಿಯ ದನ, ಕುರಿ, ಕುರುಬರ ಗೊಂಬೆಗಳನ್ನು ಕೊಳ್ಳದೆ ಕೈಯಾರೆ ಮಾಡಿಸಲು ಇದಕ್ಕಿಂತ ಅನುಕೂಲ ಬೇರೆಲ್ಲಿ?

ಮುಳಬಾಗಿಲಿನಲ್ಲಿ ಆಂಧ್ರದ ಗಡಿ ಹತ್ತಿರ. ತರಗತಿಯಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಮನೆಮಾತಿನ ಮಕ್ಕಳು ಇರುತ್ತಾರೆ. ಕಂಡ ಒಂದೊಂದು ವಸ್ತುವಿಗೂ ಎಲ್ಲರ ಮನೆಯ ಹೆಸರನ್ನು ಕೂಡಿಸಿ: ಕುರಿ, ಗೊರ್ರೆ, ಭೇಡ್, ಚುಕ್ಕಿ, ಚುಕ್ಕ, ಸಿತಾರಾ. ಹೆದ್ದಾರಿ ದಾಟಿಸಬೇಕಾದ ಶಾಲೆಯವರು ಮಾತ್ರ ಸ್ಥಳವನ್ನು ಬದಲಿಸುವುದು ಮೇಲು.

ಶ್ರೀನಿವಾಸಪುರ ಮಾವಿನ ನಾಡು. ಡಿಸೆಂಬರ್ ಕೊನೆಗೆ ಹೂ ಬಿಡಲು ಆರಂಭಿಸುವ ಮಾವಿನ ಕೊಂಬೆಯನ್ನು ಅಲಂಕಾರಕ್ಕೆಂದು ಮುರಿಯಬಾರದು ಎಂಬುದೇ ಅಲ್ಲಿನ ಮೊದಲ ಪಾಠವಾಗಲಿ. ಕ್ರಿಸ್‌ಮಸ್ ಗಿಡಕ್ಕೆ ಬಿದ್ದ ಸರ್ವೆಯ ರೆಂಬೆ ಸಾಕು.

ಹತ್ತಿರದಲ್ಲಿ ಚರ್ಚ್ ಇಲ್ಲದ ಹಳ್ಳಿಗಳೇ ಹೆಚ್ಚು. ಅಲ್ಲಿ ನಕ್ಷತ್ರ ತೂಗುಹಾಕಿದ ಒಂದು ಮನೆಯ ಜಗಲಿ ಸಾಕು. ಅದೂ ಇಲ್ಲದಿದ್ದರೆ ಊರಿನ ಕೊಟ್ಟಿಗೆ ಮತ್ತು ಕುರಿಮಂದೆಗೆ ಹೋಗಿ. ಕ್ರಿಸ್‌ಮಸ್ ಕತೆಯಲ್ಲಿ ಮಗು ಮಲಗಿದ ಜಾಗ ಗೋದಲಿ, ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಮೊದಲು ಸುದ್ದಿ ತಿಳಿದವರು ರಾತ್ರಿ ಮಂದೆ ಕಾಯುತ್ತಿದ್ದ ಕುರುಬರು. ಕ್ಷೀರಭಾಗ್ಯದ ಹಾಲು ಕುಡಿಯುವ, ಮನೆಯಲ್ಲಿ ಹಸು ಕಟ್ಟಿರುವ ನಮ್ಮ ಮಕ್ಕಳಿಗೆ ಹಿಮಸಾರಂಗಕ್ಕಿಂತ ಈ ಕತೆ ಹತ್ತಿರ. 1223ರಲ್ಲಿ ಇಟಲಿಯ ಗ್ರೆಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಗೋದಲಿಯ ದೃಶ್ಯವನ್ನು ಕಟ್ಟಿದ್ದೂ ಹುಲ್ಲು ಮತ್ತು ಜೀವಂತ ಎತ್ತು, ಕತ್ತೆಗಳನ್ನು ಇಟ್ಟುಕೊಂಡೇ.

ಪೂರ್ವಸಿದ್ಧತೆ

25ರಂದು ರಜೆ. ಆದ್ದರಿಂದ ತಿಂಗಳ ಮೂರನೆಯ ವಾರದ ಬ್ಯಾಗ್‌ರಹಿತ ಸಂಭ್ರಮ ಶನಿವಾರ ಈ ಭೇಟಿಗೆ ತಕ್ಕ ದಿನ. ಮುಖ್ಯ ಶಿಕ್ಷಕರ ಮತ್ತು ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿಯ ಒಪ್ಪಿಗೆಯನ್ನು ಎರಡು ವಾರ ಮುಂಚೆ ಪಡೆಯಿರಿ. ನಂತರ ಪ್ರಶಿಕ್ಷಣಾರ್ಥಿಯು ಒಬ್ಬರೇ ಒಮ್ಮೆ ಆ ದಾರಿಯಲ್ಲಿ ನಡೆದು ಬರಬೇಕು. ಮಗುವಿನ ಹೆಜ್ಜೆಯ ವೇಗದಲ್ಲಿ ನಡೆದು ಸಮಯ ಗುರುತಿಸಿ. ದಾಟಬೇಕಾದ ರಸ್ತೆ, ನೆರಳು, ನೀರು, ಶೌಚಾಲಯ, ನಾಯಿಗಳಿರುವ ಜಾಗ ಇವನ್ನು ಒಂದು ಕೈನಕ್ಷೆಯಲ್ಲಿ ಬರೆದುಕೊಳ್ಳಿ.

ಅದೇ ದಿನ ಸಭಾಪಾಲಕರನ್ನೋ ಚರ್ಚ್ ನೋಡಿಕೊಳ್ಳುವವರನ್ನೋ ಕಂಡು ಮಾತಾಡಿ. ಚಪ್ಪಲಿ ಎಲ್ಲಿ ಬಿಡಬೇಕು, ಯಾವುದನ್ನು ಮುಟ್ಟಬಹುದು, ಎಲ್ಲಿ ಕೂರಬಹುದು ಎಂದು ಕೇಳಿ. ಭಾಷಣ ಬೇಡ, ಮಕ್ಕಳ ಪ್ರಶ್ನೆಗೆ ಉತ್ತರ ಸಾಕು ಎಂದು ವಿನಂತಿಸಿ. ಗಂಟೆ ಬಾರಿಸುವವರು, ನಕ್ಷತ್ರ ಕಟ್ಟುವ ಯುವಕರು, ಕಲ್‌ಕಲ್ ಮಾಡುವ ಅಜ್ಜಿ ಇಂಥವರು ಚಿಕ್ಕ ಮಕ್ಕಳಿಗೆ ಒಳ್ಳೆಯ ಸಂಪನ್ಮೂಲ ವ್ಯಕ್ತಿಗಳು.

ಆರು ಮಕ್ಕಳಿಗೆ ಒಬ್ಬರು ದೊಡ್ಡವರಿರಲಿ. ನಲಿ-ಕಲಿಯಂತೆ ಮೂರು ತರಗತಿಗಳನ್ನೂ ಬೆರೆಸಿ ಗುಂಪು ಮಾಡಿದರೆ ಮೂರನೆಯ ತರಗತಿಯವರು ಒಂದನೆಯವರ ಕೈ ಹಿಡಿಯುತ್ತಾರೆ. ಹಿಂದಿನ ದಿನ ‘ಏನು ಕೇಳೋಣ?’ ಎಂದು ಮಕ್ಕಳಿಂದಲೇ ಪ್ರಶ್ನೆ ಹೊರಡಿಸಿ ಹಲಗೆಯ ಮೇಲೆ ಬರೆಯಿರಿ. ‘ತಾತ, ಈ ಗಂಟೆ ಯಾವಾಗ ಹೊಡೀತೀರ?’ ಎಂಬಷ್ಟು ಸರಳವಾಗಿರಲಿ. ಗುಂಪಿಗೊಂದು ಪ್ರಶ್ನೆ ಸಾಕು.

ಒಂದು ಎಚ್ಚರಿಕೆ. ತರಗತಿಯಲ್ಲಿ ಕ್ರೈಸ್ತ ಮಗುವಿದ್ದರೆ ಎಲ್ಲರೆದುರು ನಿಲ್ಲಿಸಿ ‘ನಿಮ್ಮ ಹಬ್ಬದ ಬಗ್ಗೆ ಹೇಳು’ ಎನ್ನಬೇಡಿ. ಒಂದು ಸಮುದಾಯದ ಪರವಾಗಿ ಉತ್ತರಿಸುವ ಭಾರ ಆರು ವರ್ಷದ ಮಗುವಿನದಲ್ಲ. ಅದು ತಾನಾಗಿ ಮಾತಾಡಿದರೆ ಜಾಗ ಕೊಡಿ. ಮಾತಾಡದಿದ್ದರೆ ಉಳಿದವರಂತೆ ನೋಡಿ ಬರಲಿ.

ಭೇಟಿಯ ದಿನದ ಕ್ರಮ

8.00: ಹಾಜರಿ, ನೀರಿನ ಬಾಟಲಿ, ಸ್ವೆಟರ್ ಪರಿಶೀಲನೆ, ಗುಂಪಿನ ಹೆಸರು.
8.20: ನಡಿಗೆ. ದಾರಿಯಲ್ಲಿ ನಕ್ಷತ್ರಗಳನ್ನು ಎಣಿಸುವುದು.
8.50: ಸುಮ್ಮನೆ ಕುಳಿತು ಎರಡು ನಿಮಿಷ ಸುತ್ತ ನೋಡುವುದು. ಕಿಟಕಿಗಳ ಆಕಾರ, ಬೆಂಚುಗಳ ಸಾಲು, ಗೋದಲಿಯಲ್ಲಿರುವ ಪ್ರಾಣಿಗಳು.
9.05: ಗುಂಪಿನ ಪ್ರಶ್ನೆಗಳು, ಕೈಕೆಲಸ ತೋರಿಸುವುದು.
9.30: ವಂದನೆ ಹೇಳಿ ಮರಳುವುದು.
10.00: ನೀರು, ವಿಶ್ರಾಂತಿ. ನಂತರ ತರಗತಿ ಚಟುವಟಿಕೆ.

ಸ್ಥಳದಲ್ಲಿ 40 ನಿಮಿಷಕ್ಕಿಂತ ಹೆಚ್ಚು ಇರಿಸಬೇಡಿ. ಅಲ್ಲಿ ಬರೆಸುವುದೂ ಬೇಡ. ಕೈಯಲ್ಲಿ ಪುಸ್ತಕವಿದ್ದರೆ ಮಗು ನೋಡುವುದನ್ನು ಬಿಟ್ಟು ಪಕ್ಕದವರದನ್ನು ನಕಲು ಮಾಡುತ್ತದೆ.

ಮರಳಿದ ಮೇಲಿನ ಚಟುವಟಿಕೆಗಳು

1. ಗಣಿತ: ಕಡ್ಡಿಯ ನಕ್ಷತ್ರ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಊರಿನ ಮೊರೇವಿಯನ್ ಶಾಲೆಯಲ್ಲಿ ರೇಖಾಗಣಿತದ ಪಾಠವಾಗಿ ಮಕ್ಕಳು ಮಾಡಿದ ಕಾಗದದ ನಕ್ಷತ್ರವೇ ಮುಂದೆ ಕ್ರಿಸ್‌ಮಸ್ ದೀಪವಾಗಿ ಹೆಸರಾಯಿತು. ತರಗತಿಯಲ್ಲಿ ಹುಟ್ಟಿದ ವಸ್ತುವನ್ನು ತರಗತಿಗೇ ಮರಳಿ ತರೋಣ. ಒಂದೇ ಅಳತೆಯ ಐದು ತೆಂಗಿನ ಗರಿಕಡ್ಡಿಗಳನ್ನು ಒಂದರ ಮೇಲೊಂದು ಹಾಯುವಂತೆ ಇಟ್ಟು, ತುದಿಗಳನ್ನು ದಾರದಿಂದ ಕಟ್ಟಿದರೆ ಐದು ಮೂಲೆಯ ನಕ್ಷತ್ರ ಸಿದ್ಧ. 1ನೆಯ ತರಗತಿಯವರು ಕಡ್ಡಿ, ಮೂಲೆ ಎಣಿಸಲಿ. 2ನೆಯವರು ಎರಡು, ಮೂರು, ನಾಲ್ಕು ನಕ್ಷತ್ರಕ್ಕೆ ಎಷ್ಟು ಕಡ್ಡಿ ಎಂದು ಐದರ ಮಗ್ಗಿ ಕಟ್ಟಲಿ. 3ನೆಯವರಿಗೆ 32 ಕಡ್ಡಿ ಕೊಟ್ಟು ಎಷ್ಟು ನಕ್ಷತ್ರವಾದೀತು ಎಂದು ಕೇಳಿ: ಆರು ಆಗಿ ಎರಡು ಕಡ್ಡಿ ಉಳಿಯುತ್ತದೆ. ಒಳಗಿನ ಆಕಾರಗಳನ್ನು ಹುಡುಕಿದರೆ ಐದು ತ್ರಿಕೋನ, ನಡುವೆ ಒಂದು ಪಂಚಕೋನ ಸಿಗುತ್ತದೆ. ಒಂದೇ ವಸ್ತು, ಮೂರು ಹಂತದ ಕಲಿಕೆ.

2. ಭಾಷೆ: ಕಂಡದ್ದರ ಪಟ್ಟಿ. ಪ್ರತಿ ಮಗುವೂ ತಾನು ಕಂಡ ಒಂದು ವಸ್ತುವಿನ ಚಿತ್ರ ಬರೆಯಲಿ. ಶಿಕ್ಷಕರು ಮಗು ಹೇಳಿದ ಮಾತನ್ನೇ ತಿದ್ದದೆ ಕೆಳಗೆ ಬರೆಯಲಿ. ‘ಗಂಟೆ ಹಗ್ಗ ನನ್ನ ಕೈಗೆ ಸಿಗಲಿಲ್ಲ’ ಎಂಬ ವಾಕ್ಯ ಪುಸ್ತಕದ ಹತ್ತು ವಾಕ್ಯಗಳಿಗಿಂತ ಬೇಗ ಓದಲು ಬರುತ್ತದೆ, ಏಕೆಂದರೆ ಅದು ಮಗುವಿನದು.

3. ಕೈಕೆಲಸ: ಕಲ್‌ಕಲ್. ಹಿಟ್ಟಿನ ಸಣ್ಣ ಉಂಡೆಯನ್ನು ತೊಳೆದ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿದರೆ ಗೆರೆಗೆರೆಯ ಚಿಪ್ಪಿನಾಕಾರ ಬರುತ್ತದೆ. ಎಣ್ಣೆಯಲ್ಲಿ ಕರಿಯುವುದು ದೊಡ್ಡವರ ಕೆಲಸ. ಮಕ್ಕಳಿಗೆ ಒತ್ತುವುದು, ಸುರುಳಿಸುವುದು ಸಾಕು. ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಇದೇ ವ್ಯಾಯಾಮ.

4. ಪರಿಸರ ಅಧ್ಯಯನ: ಯಾರ ಮನೆಯಲ್ಲಿ ಯಾವ ಸಿಹಿ? ಕಲ್‌ಕಲ್‌ನ ಪಕ್ಕದಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ, ರಂಜಾನ್‌ನ ಶೀರ್‌ಖುರ್ಮಾ, ಯುಗಾದಿಯ ಒಬ್ಬಟ್ಟು ಬರಲಿ. ‘ಯಾವುದನ್ನು ಹಂಚುತ್ತಾರೆ? ಯಾರಿಗೆ?’ ಎಂಬ ಪ್ರಶ್ನೆ ಕೇಳಿ. ಹಂಚದ ಹಬ್ಬವನ್ನು ಮಕ್ಕಳೇ ಹುಡುಕಿ ನೋಡಲಿ.

ಮೌಲ್ಯಮಾಪನ

ಹಾಡು, ಕುಣಿತ, ಫೋಟೋಗಳ ಸಂಖ್ಯೆ ಇಲ್ಲಿ ಅಳತೆಗೋಲಲ್ಲ. ಮಾರ್ಗದರ್ಶಕ ಶಿಕ್ಷಕರು ಅವಲೋಕನದಲ್ಲಿ ನಾಲ್ಕನ್ನು ಗಮನಿಸಬಹುದು. ಮಗು ಸ್ವಂತ ಪ್ರಶ್ನೆಯನ್ನು ಕೇಳಿತೇ? ಕಂಡ ಒಂದು ವಸ್ತುವನ್ನು ತನ್ನ ಮಾತಲ್ಲಿ ವಿವರಿಸಿತೇ? ತನ್ನ ಮಟ್ಟದ ಎಣಿಕೆಯನ್ನು ಕಡ್ಡಿಗಳಲ್ಲಿ ಮಾಡಿ ತೋರಿಸಿತೇ? ತನ್ನ ಮನೆಯ ಹಬ್ಬಕ್ಕೂ ಈ ಹಬ್ಬಕ್ಕೂ ಇರುವ ಒಂದು ಹೋಲಿಕೆ, ಒಂದು ವ್ಯತ್ಯಾಸವನ್ನು ನಗೆಯಾಡದೆ ಹೇಳಿತೇ? ನಾಲ್ಕನೆಯದು ಒಂದೇ ಭೇಟಿಗೆ ಕೈಗೂಡದಿರಬಹುದು. ಅದಕ್ಕೆ ಅಂಕವಿಲ್ಲ, ಟಿಪ್ಪಣಿ ಮಾತ್ರ ಸಾಕು.

ಪ್ರಶಿಕ್ಷಣಾರ್ಥಿಯ ಯೋಜನೆಯನ್ನು ತಿದ್ದುವ ಉಪನ್ಯಾಸಕರು ಪೋಷಕರ ಚೀಟಿಯನ್ನೂ ದಾರಿಯ ಕೈನಕ್ಷೆಯನ್ನೂ ಕಡ್ಡಾಯವಾಗಿ ನೋಡಬೇಕು. ಈ ಪಾಠ ಸುರಕ್ಷಿತವಾಗಿ ನಡೆಯುವುದು ಆ ಎರಡು ಕಾಗದಗಳ ಮೇಲೆ.

ಮುಂದುವರಿಕೆ

ಕ್ರಿಸ್‌ಮಸ್ ಆಗಿ ಮೂರು ವಾರಕ್ಕೆ ಸಂಕ್ರಾಂತಿ. ಭೇಟಿಗೆ ಎಡೆಮಾಡಿಕೊಟ್ಟವರನ್ನು ಆಗ ಶಾಲೆಗೆ ಕರೆಯಿರಿ. ಮಕ್ಕಳು ಎಳ್ಳುಬೆಲ್ಲ ಕೊಟ್ಟು ತಾವು ಕಟ್ಟಿದ ಕಡ್ಡಿಯ ನಕ್ಷತ್ರವನ್ನು ತೋರಿಸಲಿ. ಹೋಗಿ ಬಂದ ಮೇಲೆ ಕರೆಯುವುದು ನಮ್ಮ ಊರುಗಳ ಹಳೆಯ ಪದ್ಧತಿ. ಹೊರಸಂಚಾರದ ಪಾಠ ಪೂರ್ಣವಾಗುವುದು ಈ ಮರುಭೇಟಿಯಲ್ಲಿ.